ಹಿತ್ತಲಿಲ್ಲದವರಿಗೊಂದು ಹಿತ್ತಲು

ಹಾವೇರಿ ತಾಲೂಕಿನ ಅಗಡಿಯಲ್ಲಾಗಲಿ, ಅದರ ನೆರೆಯ ಹಳ್ಳಿಗಳಲ್ಲಾಗಲಿ, ಹಿಂದೆ ಮನೆಯೆಂದರೆ ಪಡಸಾಲೆ, ಅಡುಗೆಮನೆ, ದನದ ಕೊಟ್ಟಿಗೆಗಳಿಗೇ ಮುಗಿಯುತ್ತಿರಲಿಲ್ಲ. ಹಿತ್ತಲೂ ಮನೆಯ ಒಂದು ಭಾಗವೆಂದೇ ಎಣಿಕೆಯಾಗುತ್ತಿತ್ತು. ಬಚ್ಚಲ ನೀರು ಹರಿಯುವಲ್ಲಿ ಒಂದು ಬಾಳೆ, ಬೇಲಿಗೆ ಹಬ್ಬಿದ ಹೀರೆ, ಮೂಲೆಯಲ್ಲಿ ನುಗ್ಗೆ, ಪಕ್ಕದಲ್ಲಿ ಕರಿಬೇವು, ನಾಲ್ಕು ಬದನೆ ಗಿಡ, ಒಂದಿಷ್ಟು ಪುಂಡಿ, ರಾಜಗಿರಿ ಇದ್ದರೆ ಮುಂದಿನ ಸಂತೆಯವರೆಗೆ ಗೃಹಿಣಿಗೆ ಪಲ್ಯದ ಚಿಂತೆ ಇರುತ್ತಿರಲಿಲ್ಲ. ನೆರೆಮನೆಯ ಬಾಣಂತಿಗೆ ಒಂದು ಹಿಡಿ ಸೊಪ್ಪು, ಬಂದ ನೆಂಟರಿಗೆ ಒಂದು ಗೊನೆ ಬಾಳೆ ಎಂದು ಕೊಡುವ ಕೈಗೂ ಅದೇ ಹಿತ್ತಲು ಆಧಾರವಾಗಿತ್ತು.

ಕಾಲ ಬದಲಾಗಿದೆ. 1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾದ ಬಳಿಕ ಪಟ್ಟಣ ಬೆಳೆದಿದೆ. ನೌಕರಿ, ಮಕ್ಕಳ ಶಾಲೆ, ಮಾರುಕಟ್ಟೆಯ ಕೆಲಸ ಎಂದು ಹಳ್ಳಿಗಳಿಂದ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಿಗೆ ಬಂದು ನೆಲೆಸಿದ ಕುಟುಂಬಗಳು ಅನೇಕ. ಅವುಗಳಲ್ಲಿ ಎಷ್ಟೋ ಕುಟುಂಬಗಳು ಬಾಡಿಗೆಯ ಎರಡು ಕೋಣೆಗಳಲ್ಲಿ ಸಂಸಾರ ಸಾಗಿಸುತ್ತವೆ. ಅಲ್ಲಿ ಹಿತ್ತಲಿಲ್ಲ, ಅಂಗಳವೂ ಇಲ್ಲ. ಹಳ್ಳಿಯಲ್ಲಿ ಕೈಗೆಟುಕುತ್ತಿದ್ದ ಸೊಪ್ಪನ್ನು ಪಟ್ಟಣದಲ್ಲಿ ದುಡ್ಡು ಕೊಟ್ಟು ತರಬೇಕು. ಬೆಲೆ ಏರಿದ ವಾರ ಮೊದಲು ಕಡಿಮೆಯಾಗುವುದು ಅದೇ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯು ವಯಸ್ಕ ವ್ಯಕ್ತಿಯೊಬ್ಬನಿಗೆ ನಿತ್ಯ ಸುಮಾರು 400 ಗ್ರಾಂ ತರಕಾರಿ ಹಾಗೂ ಸೊಪ್ಪು ಬೇಕೆಂದು ಹೇಳುತ್ತದೆ. ದಿನಗೂಲಿಯ ಕುಟುಂಬವೊಂದರ ತಟ್ಟೆಯಲ್ಲಿ ಇದರ ಅರ್ಧವಾದರೂ ಇದೆಯೇ ಎಂದು ನಾವು ಕೇಳಿಕೊಳ್ಳಬೇಕಾಗಿದೆ.

ಈ ಪ್ರಶ್ನೆಗೆ ಸಂಪೂರ್ಣ ಉತ್ತರ ಯಾವ ತೋಟದಲ್ಲೂ ಸಿಗಲಾರದು. ಆದರೂ ಪಟ್ಟಣದ ನಡುವೆ ಹತ್ತಾರು ಮನೆಗಳವರು ಕೂಡಿ ಮಾಡುವ ಕೈತೋಟವೊಂದು ಎಷ್ಟು ದೂರ ಸಾಗಬಲ್ಲದು ಎಂಬುದನ್ನು ಈ ವಾರ ಓದುಗರೊಡನೆ ವಿಚಾರ ಮಾಡಬಯಸುತ್ತೇವೆ.

ಬೆಂಗಳೂರಿನ ತಾರಸಿಗಳು

ತೋಟಗಾರಿಕೆಯನ್ನು ಸಾಮಾನ್ಯ ಜನರಿಗೆ ಕಲಿಸುವ ಪರಂಪರೆ ನಮ್ಮ ನಾಡಿಗೆ ಹೊಸತಲ್ಲ. ಹೈದರಾಲಿಯು 1760ರಲ್ಲಿ ಆರಂಭಿಸಿದ ಲಾಲ್‌ಬಾಗ್ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. 1912ರಲ್ಲಿ ಹುಟ್ಟಿದ ಮೈಸೂರು ಉದ್ಯಾನಕಲಾ ಸಂಘವು ತೋಟಗಾರಿಕೆ ಇಲಾಖೆಯೊಡನೆ ಸೇರಿ ಅಲ್ಲಿ ಫಲಪುಷ್ಪ ಪ್ರದರ್ಶನಗಳನ್ನು ನಡೆಸುತ್ತ ಬಂದಿದೆ. ಗಾಜಿನ ಮನೆಯ ಹೂವಿನ ಅಲಂಕಾರವನ್ನು ಎಲ್ಲರೂ ಬಲ್ಲರು. ಅದರ ಜೊತೆಗೆ ಮನೆಯಂಗಳದ ತೋಟ, ತರಕಾರಿ ತೋಟ, ಕುಂಡದ ತೋಟಗಳಿಗೂ ಸ್ಪರ್ಧೆಗಳನ್ನು ಏರ್ಪಡಿಸಿ ಗೃಹಸ್ಥರನ್ನು ಹುರಿದುಂಬಿಸಿದ್ದು ಅಷ್ಟೇ ದೊಡ್ಡ ಸೇವೆ.

ಈ ಪರಂಪರೆಗೆ ಹೊಸ ತಿರುವು ಕೊಟ್ಟವರು ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಬಿ. ಎನ್. ವಿಶ್ವನಾಥ್ ಅವರು. ತಾರಸಿಯ ಮೇಲೆ ರಾಸಾಯನಿಕಗಳಿಲ್ಲದೆ ತರಕಾರಿ ಬೆಳೆಯುವ ವಿಧಾನವನ್ನು ಅವರು ಬೆಂಗಳೂರಿನ ನಾಗರಿಕರಿಗೆ ಕಾರ್ಯಾಗಾರಗಳ ಮೂಲಕ ಕಲಿಸಿದರು. 2011ರಲ್ಲಿ ಅವರ ಬಳಗದವರು ‘ಊಟ ಫ್ರಮ್ ಯುವರ್ ತೋಟ’ ಎಂಬ ಹೆಸರಿನ ಒಂದು ದಿನದ ಮೇಳವನ್ನು ಆರಂಭಿಸಿದರು. ನಿಮ್ಮ ತೋಟದಿಂದಲೇ ನಿಮ್ಮ ಊಟ ಎಂಬುದು ಅದರ ತಾತ್ಪರ್ಯ. ಒಂದು ಸಲ ಒಂದು ಬಡಾವಣೆ, ಮತ್ತೊಂದು ಸಲ ಇನ್ನೊಂದು ಬಡಾವಣೆ ಎಂದು ಊರೆಲ್ಲ ಸುತ್ತಿದ ಈ ಮೇಳದಲ್ಲಿ ಬೀಜ, ಸಸಿ, ಗೊಬ್ಬರ, ಕುಂಡಗಳ ಮಾರಾಟದ ಜೊತೆಗೆ ಹೊಸಬರಿಗೆ ತಿಳಿದವರು ಪಾಠ ಹೇಳುವ ಪದ್ಧತಿ ಬೆಳೆಯಿತು. ಮಣ್ಣನ್ನು ಮುಟ್ಟಿ ವರ್ಷಗಳೇ ಆಗಿದ್ದ ಎಷ್ಟೋ ನಗರವಾಸಿಗಳು ಮತ್ತೆ ಕೈ ಕೆಸರು ಮಾಡಿಕೊಂಡರು.

ಇದು ಮೆಚ್ಚಬೇಕಾದ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ತಾರಸಿ ತೋಟಕ್ಕೆ ಮೊದಲು ತಾರಸಿ ಬೇಕು. ಬಾಡಿಗೆಯವರಿಗೆ ಮೆಟ್ಟಿಲು ಹತ್ತುವ ಅನುಮತಿಯೂ ಎಷ್ಟೋ ಕಡೆ ಇರುವುದಿಲ್ಲ. ಒದ್ದೆ ಮಣ್ಣಿನ ಭಾರಕ್ಕೆ, ಸೋರುವ ನೀರಿಗೆ ಮನೆಯ ಮಾಲೀಕರು ಅಂಜುವುದೂ ನ್ಯಾಯವೇ. ಹಂಚಿನ ಮನೆ, ತಗಡಿನ ಮನೆಗಳಲ್ಲಿ ಇರುವವರ ಮಾತಂತೂ ಬೇರೆಯೇ. ಹೀಗಾಗಿ ತರಕಾರಿಯ ಅವಶ್ಯಕತೆ ಯಾರಿಗೆ ಹೆಚ್ಚೋ ಅವರಿಗೇ ಈ ವಿದ್ಯೆ ದೂರವಾಗಿ ಉಳಿಯುತ್ತದೆ. ಇಲ್ಲಿಯೇ ಸಾಮೂಹಿಕ ತೋಟದ ಮಾತು ಬರುತ್ತದೆ.

ಒಬ್ಬ ಗುರುವಿನ ತುಂಡುಭೂಮಿ

ಹಿತ್ತಲಿಲ್ಲದವರಿಗೆ ಹಿತ್ತಲನ್ನು ಒದಗಿಸುವ ಆಲೋಚನೆ ಒಬ್ಬ ಕಥೋಲಿಕ ಗುರುವಿನ ಜೀವನಕಾರ್ಯವಾಗಿತ್ತೆಂಬುದು ನಮ್ಮಲ್ಲಿ ಹಲವರಿಗೆ ತಿಳಿದಿರಲಿಕ್ಕಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಹಳ್ಳಿಗರು ಗಿರಣಿ, ಗಣಿಗಳ ಊರುಗಳಿಗೆ ಬಂದು ಇಕ್ಕಟ್ಟಾದ ಮನೆಗಳಲ್ಲಿ ಬದುಕುತ್ತಿದ್ದರು. 1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ಅವರು ಕಾರ್ಮಿಕರ ಸ್ಥಿತಿಗತಿಯನ್ನು ಕುರಿತು ‘ರೇರುಂ ನೊವಾರುಂ’ ಎಂಬ ವಿಶ್ವಪತ್ರವನ್ನು ಹೊರಡಿಸಿದರು. ಅದೇ ದಶಕದಲ್ಲಿ ಸಾಂತ್ ಎತಿಯೆನ್ ನಗರದಲ್ಲಿ ಯೇಸುಸಭೆಯ ಗುರು ಫೆಲಿಕ್ಸ್ ವೋಲ್ಪೆತ್ ಅವರು ಬಡ ಕಾರ್ಮಿಕರಿಗೆ ತೋಟದ ತುಂಡುಗಳನ್ನು ಹಂಚಿದರು. 1896ರಲ್ಲಿ ಗುರು ಜೂಲ್ ಲೆಮೀರ್ ಅವರು ಇದಕ್ಕಾಗಿಯೇ ಒಂದು ಸಂಘವನ್ನು ಸ್ಥಾಪಿಸಿದರು. ಲೆಮೀರ್ ಅವರು ಫ್ರೆಂಚ್ ಸಂಸತ್ತಿನ ಸದಸ್ಯರೂ ಆಗಿದ್ದರು. ಪ್ರತಿಯೊಂದು ಕಾರ್ಮಿಕ ಕುಟುಂಬಕ್ಕೂ ಮನೆ ಮತ್ತು ಅಂಗೈಯಗಲ ಭೂಮಿ ಇರಬೇಕೆಂಬುದು ಅವರ ವಾದ.

ಆ ಸಂಘ ದಾನದ ಚೀಲವನ್ನು ಹಂಚಲಿಲ್ಲ. ಕುಟುಂಬಕ್ಕೆ ನೆಲವನ್ನು ಬಳಸಲು ಕೊಟ್ಟಿತು. ಅಗೆದು, ಬಿತ್ತಿ, ಬೆಳೆದದ್ದು ಆ ಕುಟುಂಬದ್ದೇ. ತಂದೆ ಸಂಜೆ ಹೆಂಡದಂಗಡಿಯ ದಾರಿ ಬಿಟ್ಟು ಹೆಂಡತಿ ಮಕ್ಕಳೊಡನೆ ತೋಟಕ್ಕೆ ಬರಲಿ ಎಂಬ ಹಂಬಲವೂ ಅದರಲ್ಲಿ ಸೇರಿತ್ತು. 1928ರಲ್ಲಿ ಲೆಮೀರ್ ತೀರಿಕೊಂಡರೂ ‘ಕಾರ್ಮಿಕರ ತೋಟಗಳು’ ಉಳಿದವು. ಮುಂದೆ ‘ಕುಟುಂಬ ತೋಟಗಳು’ ಎಂಬ ಹೆಸರು ಪಡೆದ ಅವು ಈಗಲೂ ಫ್ರಾನ್ಸಿನಲ್ಲಿವೆ.

ನಮ್ಮ ಕಾಲದಲ್ಲಿಯೂ ಇಂಥದೇ ಒಂದು ಕಾರ್ಯ ರೋಮ್ ನಗರದ ಸಮೀಪ ನಡೆದಿದೆ. ಕಾಸ್ತೆಲ್ ಗಂದೋಲ್ಫೊದಲ್ಲಿ ಜಗದ್ಗುರುಗಳ ಬೇಸಿಗೆಯ ನಿವಾಸಕ್ಕೆ ಸೇರಿದ ಸುಮಾರು 55 ಹೆಕ್ಟೇರ್ ವಿಸ್ತಾರದ ಉದ್ಯಾನ ಹಾಗೂ ಹೊಲಗಳಿವೆ. ಜಗದ್ಗುರು ಫ್ರಾನ್ಸಿಸ್ ಅವರು 2023ರಲ್ಲಿ ಅಲ್ಲಿ ಒಂದು ಶಿಕ್ಷಣ ಕೇಂದ್ರಕ್ಕೆ ನಾಂದಿ ಹಾಡಿದರು. ಅವರು 2025ರ ಏಪ್ರಿಲ್‌ನಲ್ಲಿ ದೈವಾಧೀನರಾದ ಬಳಿಕ, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು ‘ಬೋರ್ಗೊ ಲೌದಾತೊ ಸಿ’ ಎಂಬ ಆ ತಾಣವನ್ನು ಉದ್ಘಾಟಿಸಿದರು. ಜೀವನದಲ್ಲಿ ಸೋತವರಿಗೆ, ನಿರಾಶ್ರಿತರಿಗೆ ತೋಟಗಾರಿಕೆಯ ಕಸುಬು ಕಲಿಸುವುದು ಅದರ ಉದ್ದೇಶಗಳಲ್ಲೊಂದು. ಅರಮನೆಯ ತೋಟವೇ ಪಾಠಶಾಲೆಯಾಗಬಹುದಾದರೆ, ಬೇಲಿಯೊಳಗೆ ಬರಿದಾಗಿ ಬಿದ್ದಿರುವ ನಮ್ಮ ಊರುಗಳ ಜಾಗಗಳು ಆಗಬಾರದೇಕೆ? ದೇವಾಲಯದ ಆವರಣವಿರಲಿ, ಶಾಲೆಯ ಮೈದಾನದ ಅಂಚಿರಲಿ, ಪುರಸಭೆಯ ಉದ್ಯಾನದ ಮೂಲೆಯಿರಲಿ, ಆಡಳಿತದವರ ಒಪ್ಪಿಗೆಯಿಂದ ಹತ್ತು ಮಡಿಗಳಿಗೆ ಸ್ಥಳ ದೊರೆಯುವುದು ಕಷ್ಟವಾಗಲಾರದು.

ಬೀಜ ಬೆಳೆಯುವ ನಾಡಿನಲ್ಲಿ

ನಮ್ಮ ಪ್ರದೇಶಕ್ಕೆ ಈ ವಿಷಯದಲ್ಲಿ ಒಂದು ವಿಶೇಷವಿದೆ. ರಾಣೆಬೆನ್ನೂರಿನ ಸುತ್ತಮುತ್ತಲಿನ ಹೊಲಗಳು ಹೈಬ್ರಿಡ್ ತರಕಾರಿ ಬೀಜೋತ್ಪಾದನೆಗೆ ಹೆಸರಾಗಿವೆ. ಟೊಮೆಟೊ, ಮೆಣಸಿನಕಾಯಿಯ ಹೂವುಗಳನ್ನು ಒಂದೊಂದಾಗಿ ಬಿಡಿಸಿ, ಕೇಸರಗಳನ್ನು ತೆಗೆದು, ಇನ್ನೊಂದು ತಳಿಯ ಪರಾಗವನ್ನು ಮುಟ್ಟಿಸುವ ಸೂಕ್ಷ್ಮ ಕೆಲಸದಲ್ಲಿ ಇಲ್ಲಿಯ ಹೆಣ್ಣುಮಕ್ಕಳು ನಿಷ್ಣಾತರು. ದೂರದ ಊರುಗಳ ರೈತರು ಬಿತ್ತುವ ಬೀಜ ಇವರ ಬೆರಳುಗಳಿಂದ ಸಿದ್ಧವಾಗುತ್ತದೆ. ಇದೇ ಕೈಗಳು ಸಂಜೆ ಪೇಟೆಯಲ್ಲಿ ಕಾಲು ಕಿಲೋ ಬೆಂಡೆಕಾಯಿಗೆ ಚೌಕಾಸಿ ಮಾಡಬೇಕಾಗುವುದು ವಿಪರ್ಯಾಸ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ಇದಕ್ಕಿಂತ ಉತ್ತಮ ಉದಾಹರಣೆ ಬೇಡ. ಸಾಮೂಹಿಕ ತೋಟಕ್ಕೆ ಗುರುಗಳನ್ನು ಹುಡುಕುತ್ತ ನಾವು ಬಹುದೂರ ಹೋಗಬೇಕಿಲ್ಲ.

ಆದರೆ ಒಂದು ಎಚ್ಚರಿಕೆ ಅವಶ್ಯ. ಹೈಬ್ರಿಡ್ ಗಿಡದ ಹಣ್ಣಿನಿಂದ ತೆಗೆದ ಬೀಜ ಮರುವರ್ಷ ಅದೇ ಗುಣವನ್ನು ಕೊಡುವುದಿಲ್ಲ. ಪ್ರತಿ ಹಂಗಾಮಿಗೂ ಬೀಜವನ್ನು ಕೊಂಡೇ ತರಬೇಕಾದ ತೋಟ ಬಡವರ ತೋಟವಾಗಿ ಬಹುಕಾಲ ಉಳಿಯದು. ಆದುದರಿಂದ ಜವಾರಿ ತಳಿಗಳು, ಇಲ್ಲವೆ ಬೀಜ ಉಳಿಸಿಕೊಳ್ಳಬಹುದಾದ ಸುಧಾರಿತ ತಳಿಗಳು ನಮಗೆ ಮೇಲು. ಡಬ್ಬಿ, ಕಡ್ಡಿ ಎಂಬ ಬ್ಯಾಡಗಿ ಮೆಣಸಿನಕಾಯಿಯ ತಳಿಗಳು ಇಂಥ ರೈತರ ಜೋಪಾನದಿಂದಲೇ ಉಳಿದು ಬಂದವು. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಆ ಕಾಯಿಯ ಕೀರ್ತಿಯ ಹಿಂದೆ, ಒಳ್ಳೆಯ ಕಾಯಿಯನ್ನು ಆರಿಸಿ ಬೀಜಕ್ಕೆಂದು ತೆಗೆದಿಟ್ಟ ಅನೇಕ ತಲೆಮಾರುಗಳ ವಿವೇಕವಿದೆ.

ಶಾಸ್ತ್ರೀಯ ಸಲಹೆ ಬೇಕಾದವರಿಗೆ ರಾಣೆಬೆನ್ನೂರು ತಾಲೂಕಿನ ಹನುಮನಮಟ್ಟಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಕೃಷಿ ವಿಜ್ಞಾನ ಕೇಂದ್ರವಿದೆ. ಹಾವೇರಿಗೆ ಸಮೀಪದ ದೇವಿಹೊಸೂರಿನಲ್ಲಿ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜು ಇದೆ. ಇವು ನಮ್ಮ ತೆರಿಗೆಯ ಹಣದಿಂದ ನಡೆಯುವ ಸಂಸ್ಥೆಗಳು. ಬಾಗಿಲು ತಟ್ಟುವ ಕೆಲಸ ನಮ್ಮದು.

ಕಾರ್ಯಾಗಾರದಲ್ಲಿ ಕಲಿಸಬೇಕಾದದ್ದು

ಕಾರ್ಯಾಗಾರವೆಂದರೆ ವೇದಿಕೆ, ಹೂಮಾಲೆ, ಭಾಷಣಗಳೆಂದು ಭಾವಿಸುವುದು ವಾಡಿಕೆ. ತೋಟದ ಕಾರ್ಯಾಗಾರಕ್ಕೆ ಗುದ್ದಲಿ, ಬುಟ್ಟಿ, ನೀರಿನ ಕೊಡ ಸಾಕು. ರೋಹಿಣಿ ಮಳೆಯ ಹೊತ್ತಿಗೆ, ಅಂದರೆ ಮೇ ತಿಂಗಳ ಕೊನೆಯ ವಾರದಲ್ಲಿ, ಮೊದಲನೆಯ ಪಾಠ ಆರಂಭವಾಗುವುದು ಉಚಿತ. ಮೃಗಶಿರಾ ಮಳೆ ಹನಿಯುವಷ್ಟರಲ್ಲಿ ಮಡಿಗಳು ಸಿದ್ಧವಿರಬೇಕು.

ಮೊದಲ ಪಾಠ ಮಣ್ಣು. ನಮ್ಮ ಸೀಮೆಯಲ್ಲಿ ಎರೆಯೂ ಇದೆ, ಮಸಾರಿಯೂ ಇದೆ. ಎರೆಯಲ್ಲಿ ನೀರು ನಿಂತು ಬೇರು ಕೊಳೆಯದಂತೆ ಮಡಿಯನ್ನು ಎತ್ತರಿಸಬೇಕು. ಮಸಾರಿಯಲ್ಲಿ ತೇವ ಉಳಿಯುವಂತೆ ಗೊಬ್ಬರವನ್ನು ಧಾರಾಳವಾಗಿ ಬೆರೆಸಬೇಕು. ಮಡಿಯ ಅಗಲ ಮೂರು ಅಡಿಗಿಂತ ಹೆಚ್ಚಾಗದಿದ್ದರೆ ಎರಡೂ ಬದಿಯಿಂದ ಕೈ ಚಾಚಿ ಕಳೆ ತೆಗೆಯಬಹುದು, ಮಡಿಯನ್ನು ತುಳಿಯುವ ಪ್ರಸಂಗ ಬರುವುದಿಲ್ಲ.

ಎರಡನೆಯ ಪಾಠ ಗೊಬ್ಬರ. ಅಡುಗೆಮನೆಯ ಸಿಪ್ಪೆ, ಉಳಿಕೆಗಳ ಮೇಲೆ ಪ್ರತಿ ಸಲವೂ ಒಣಗಿದ ಎಲೆಯ ಪದರ ಹಾಕಿ, ಆಗಾಗ ತಿರುವುತ್ತಿದ್ದರೆ ಎರಡು ಮೂರು ತಿಂಗಳಲ್ಲಿ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ ಸಿದ್ಧವಾಗುತ್ತದೆ. ಆವರಣದ ಎಲೆಗಳನ್ನು ಗುಡಿಸಿ ಸುಡುವ ದುರಭ್ಯಾಸಕ್ಕೂ ಇದರಿಂದ ಮುಕ್ತಾಯ ಹಾಡಬಹುದು. ಕೀಟಗಳಿಗೆ ಪೇಟೆಯ ವಿಷವನ್ನು ತರುವುದು ಬೇಡ. ಬೇವಿನ ಬೀಜದ ತಿರುಳನ್ನು ಪುಡಿಮಾಡಿ, ಲೀಟರ್ ನೀರಿಗೆ 50 ಗ್ರಾಂನಂತೆ ರಾತ್ರಿಯಿಡೀ ನೆನೆಯಿಟ್ಟು, ಸೋಸಿ, ಒಂದಿಷ್ಟು ಸೋಪು ಕದಡಿ ಸಂಜೆಯ ವೇಳೆ ಸಿಂಪಡಿಸಿದರೆ ಎಲೆ ತಿನ್ನುವ, ರಸ ಹೀರುವ ಹುಳುಗಳು ಹತೋಟಿಗೆ ಬರುತ್ತವೆ.

ಮೂರನೆಯ ಪಾಠ ಬೆಳೆಯ ಆಯ್ಕೆ. ಹೊಸಬರಿಗೆ ಮೊದಲ ಫಲ ಬೇಗ ಕಾಣಬೇಕು, ಇಲ್ಲವಾದರೆ ಉತ್ಸಾಹ ಉಳಿಯದು. ಮೆಂತ್ಯ, ರಾಜಗಿರಿಗಳು ಒಂದು ತಿಂಗಳೊಳಗೆ ಕೊಯ್ಲಿಗೆ ಬರುತ್ತವೆ. ಚವಳಿಕಾಯಿಗೆ ಸುಮಾರು ಎರಡು ತಿಂಗಳು ಬೇಕು. ಬದನೆ ಸ್ವಲ್ಪ ತಡ, ಆದರೆ ಬಹುಕಾಲ ಫಲ ಕೊಡುತ್ತದೆ. ಬೇಲಿಯುದ್ದಕ್ಕೂ ನುಗ್ಗೆ, ಪುಂಡಿ ಇರಲಿ. ನಾಲ್ಕನೆಯ ಪಾಠ ಬೀಜ ಹಿಡಿಯುವುದು. ಟೊಮೆಟೊ, ಚವಳಿ, ಹುರುಳಿಕಾಯಿಗಳು ಬಹುಮಟ್ಟಿಗೆ ಸ್ವಪರಾಗಸ್ಪರ್ಶದವು, ಆದ್ದರಿಂದ ತಳಿ ಸುಲಭವಾಗಿ ಕೆಡುವುದಿಲ್ಲ. ಹೀರೆ, ಕುಂಬಳಗಳಿಗೆ ಜೇನುನೊಣ ಪರಾಗ ತರುವುದರಿಂದ ಎರಡು ತಳಿಗಳು ಅಕ್ಕಪಕ್ಕದಲ್ಲಿದ್ದರೆ ಬೆರಕೆಯಾಗುತ್ತವೆ. ಇದನ್ನು ಮಕ್ಕಳಿಗೆ ಹೂವನ್ನೇ ತೋರಿಸಿ ಹೇಳಿದರೆ ಶಾಲೆಯ ವಿಜ್ಞಾನವೂ ಮನದಟ್ಟಾಗುತ್ತದೆ. ಶಾಲೆಗಳಲ್ಲಿ ಪೌಷ್ಟಿಕ ಕೈತೋಟಗಳನ್ನು ಮಾಡಬೇಕೆಂದು ಕೇಂದ್ರ ಸರ್ಕಾರವು 2019ರಲ್ಲಿ ಮಾರ್ಗಸೂಚಿ ಹೊರಡಿಸಿದ ಉದ್ದೇಶವೂ ಇದೇ.

ಏಪ್ರಿಲ್ ತಿಂಗಳ ಪರೀಕ್ಷೆ

ಇಷ್ಟೆಲ್ಲವನ್ನೂ ಒಂದು ಭಾನುವಾರದಲ್ಲಿ ಕಲಿಸಬಹುದು. ಕಲಿಸಲು ಕಷ್ಟವಾದದ್ದು ಬೇರೆಯೇ ಇದೆ. ಜೂನ್ ತಿಂಗಳಲ್ಲಿ ಸಸಿ ನೆಡಲು ಬರುವವರು ನೂರು ಮಂದಿ. ಛಾಯಾಚಿತ್ರದಲ್ಲಿ ಎಲ್ಲರ ಕೈಯಲ್ಲಿಯೂ ಗುದ್ದಲಿ ಇರುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನದ ಉರಿಯಲ್ಲಿ ಬಾಡುತ್ತಿರುವ ಬದನೆಗೆ ನೀರು ತರುವವರು ಯಾರು? ಶಾಲೆಗೆ ರಜೆ, ಮಕ್ಕಳು ಅಜ್ಜಿಯ ಊರಿಗೆ, ನಲ್ಲಿಯಲ್ಲಿ ನೀರು ಬರುವುದೂ ಅಪರೂಪ. ಸಾರ್ವಜನಿಕ ಆವರಣಗಳಲ್ಲಿ ಉತ್ಸಾಹದಿಂದ ನೆಟ್ಟ ಗಿಡಗಳು ಮೊದಲನೆಯ ಬೇಸಿಗೆಯಲ್ಲೇ ಒಣಗಿಹೋಗುವುದು ಈ ಕಾರಣದಿಂದ. ಕಾರ್ಯಾಗಾರದ ಯಶಸ್ಸನ್ನು ಬಂದವರ ಸಂಖ್ಯೆಯಿಂದ ಅಳೆಯಬಾರದು, ಮುಂದಿನ ಬೇಸಿಗೆಯ ಹಸಿರಿನಿಂದ ಅಳೆಯಬೇಕೆಂಬುದು ನಮ್ಮ ವಿನಮ್ರ ಅಭಿಪ್ರಾಯ.

ಲೆಕ್ಕ ಕಠಿಣವಲ್ಲ. ಮೂರು ಅಡಿ ಅಗಲ, ಹತ್ತು ಅಡಿ ಉದ್ದದ ಹತ್ತು ಮಡಿಗಳೆಂದರೆ ಸುಮಾರು 28 ಚದರ ಮೀಟರ್. ಬಿರುಬೇಸಿಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ ಆರು ಲೀಟರಿನಂತೆ ಹಿಡಿದರೂ ಸುಮಾರು 170 ಲೀಟರ್, ಅಂದರೆ ಹದಿನೈದು ಲೀಟರಿನ ಹನ್ನೆರಡು ಕೊಡ. ಒಬ್ಬರಿಗೆ ಇದು ಹೊರೆ. ದಿನಕ್ಕೆ ಆರು ಮನೆಗಳು ಎರಡೆರಡು ಕೊಡ ಹಾಕಿದರೆ ಕಾಲು ಗಂಟೆಯ ಕೆಲಸ. ನಲವತ್ತೆರಡು ಮನೆಗಳು ಸೇರಿದರೆ ಒಂದು ಮನೆಗೆ ವಾರಕ್ಕೊಮ್ಮೆ ಮಾತ್ರ ಪಾಳಿ ಬರುತ್ತದೆ. ಮಡಿಯ ಮೇಲೆ ಒಣಹುಲ್ಲು, ಎಲೆಗಳನ್ನು ಹೊದಿಸಿದರೆ ನೀರಿನ ಖರ್ಚು ಇನ್ನೂ ಇಳಿಯುತ್ತದೆ. ಕುಡಿಯುವ ನೀರಿಗೇ ತತ್ವಾರವಾದ ವರ್ಷ ಅರ್ಧ ಮಡಿಗಳನ್ನು ಬೀಳು ಬಿಡುವ ವಿವೇಕವೂ ಇರಬೇಕು.

ಮಳೆಗಾಲದ ಸೂರಿನ ನೀರನ್ನು ಹಿಡಿಯುವುದನ್ನೂ ಮರೆಯಬಾರದು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 50 ಚದರ ಮೀಟರ್ ಸೂರಿನ ಮೇಲೆ 20 ಮಿಲಿಮೀಟರ್ ಮಳೆ ಸುರಿದರೆ ಸಾವಿರ ಲೀಟರ್. ಸ್ವಲ್ಪ ಪೋಲಾದರೂ ತೊಟ್ಟಿಯೊಂದು ತುಂಬುತ್ತದೆ.

ಹಂಚುವ ಕ್ರಮ

ಕೂಡಿ ಬೆಳೆದದ್ದನ್ನು ಕೂಡಿ ಹಂಚುವಾಗ ಮನಸ್ತಾಪಗಳು ಹುಟ್ಟುವುದು ಸಹಜ. ಆದುದರಿಂದ ಬೀಜ ಬಿತ್ತುವ ಮೊದಲೇ ಕ್ರಮವನ್ನು ಬರೆದಿಟ್ಟುಕೊಳ್ಳುವುದು ಲೇಸು. ಲೆಮೀರ್ ಅವರ ಪದ್ಧತಿಯಂತೆ ತುಂಡನ್ನು ಕುಟುಂಬಕ್ಕೆ ಒಪ್ಪಿಸಬಹುದು. ಇಲ್ಲವೆ ಎಲ್ಲವನ್ನೂ ಸಾಮೂಹಿಕವಾಗಿಟ್ಟು ಪಾಳಿ ಮಾಡಿದವರಿಗೆ ಸಮನಾಗಿ ಹಂಚಬಹುದು. ನಮಗೆ ಇವೆರಡರ ನಡುವಿನ ದಾರಿ ಉಚಿತವೆನಿಸುತ್ತದೆ. ಎಂಟು ಮಡಿಗಳು ಹಿತ್ತಲಿಲ್ಲದ ಕುಟುಂಬಗಳಿಗಿರಲಿ. ಅವರು ಯಾವ ಮತದವರೆಂದು ಕೇಳುವುದು ಬೇಡ, ಹಸಿವಿಗೆ ಅಂಥ ಭೇದವಿಲ್ಲ. ಒಂದು ಮಡಿ ರೋಗಿಗಳಿಗೆ, ವಿಧವೆಯರಿಗೆ, ನೀರು ಹೊರಲಾರದ ವೃದ್ಧರಿಗೆ ಮೀಸಲಾಗಿರಲಿ. ಉಳಿದೊಂದು ಮಡಿ ಬೀಜಕ್ಕೆಂದೇ ಇರಲಿ. ಅದರ ಕಾಯನ್ನು ಯಾರೂ ಕೀಳಬಾರದು.

ಅದರಾಚೆಗೆ ಬೇಲಿಯ ಒಂದು ಮೂಲೆಯನ್ನು ಏನೂ ಬಿತ್ತದೆ ಬಿಡಬೇಕೆಂಬುದೂ ನಮ್ಮ ಸೂಚನೆ. ಅಸ್ಸಿಸಿಯ ಸಂತ ಫ್ರಾನ್ಸಿಸ್ ಅವರು ಮಠದ ತೋಟದಲ್ಲಿ ಒಂದು ಭಾಗವನ್ನು ಕಾಡುಹೂಗಳು ತಾವಾಗಿ ಬೆಳೆಯಲೆಂದು ಬಿಡಿಸುತ್ತಿದ್ದ ಸಂಗತಿಯನ್ನು 2015ರ ‘ಲೌದಾತೊ ಸಿ’ ವಿಶ್ವಪತ್ರವು ನೆನಪಿಸುತ್ತದೆ. ಆ ಹೂವಿಗೆ ಬರುವ ಜೇನುನೊಣವೇ ನಮ್ಮ ಹೀರೆ, ಕುಂಬಳಗಳನ್ನು ಕಾಯಿಗಟ್ಟಿಸುತ್ತದೆ.

ಅಗಡಿಯ ಹೆಸರು ಕನ್ನಡ ಓದುಗರಿಗೆ ಇನ್ನೊಂದು ಕಾರಣಕ್ಕೂ ಪರಿಚಿತ. ಅಲ್ಲಿಯ ಆನಂದವನದಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಾದಂಬರಿಕಾರ ಗಳಗನಾಥರು ‘ಸದ್ಬೋಧ ಚಂದ್ರಿಕೆ’ ಪತ್ರಿಕೆಯನ್ನು ನಡೆಸಿದರು. ಪುಸ್ತಕಗಳ ಗಂಟನ್ನು ಹೊತ್ತು ಊರೂರು ತಿರುಗಿ, ಓದುವವರಿಲ್ಲದ ಕಡೆ ಓದುಗರನ್ನು ಹುಟ್ಟಿಸಿದವರು ಅವರು. ಜನರು ತಮ್ಮ ಬಳಿಗೆ ಬರಲೆಂದು ಕಾಯದೆ ತಾವೇ ಜನರ ಬಾಗಿಲಿಗೆ ಹೋದದ್ದರಲ್ಲಿ ಅವರ ಯಶಸ್ಸಿನ ಗುಟ್ಟಿದೆ. ತೋಟದ ಕಾರ್ಯಾಗಾರಕ್ಕೂ ಇದೇ ದಾರಿ. ಪ್ರಕಟಣೆ ಓದಿ ಬರುವವರು ಮನೆಯಲ್ಲಿ ಈಗಾಗಲೇ ನಾಲ್ಕು ಕುಂಡ ಇಟ್ಟವರಾಗಿರುತ್ತಾರೆ. ಬರಬೇಕಾದವರನ್ನು ಅವರ ಬಾಡಿಗೆ ಮನೆಯ ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರೆಯಬೇಕು, ‘ನಿಮ್ಮ ತಾಯಿ ಊರಲ್ಲಿ ಏನೇನು ಬೆಳೆಯುತ್ತಿದ್ದರು?’ ಎಂದು ಕೇಳಬೇಕು. ಪಾಠ ಹೇಳುವವರು ಎಷ್ಟೋ ಸಲ ಅವರೇ ಆಗಿರುತ್ತಾರೆ.

ಪ್ರಿಯ ಓದುಗರೇ, ಮುಂದಿನ ರೋಹಿಣಿ ಮಳೆಗೆ ಮುನ್ನ ನಿಮ್ಮ ಊರಿನಲ್ಲಿ ಬರಿದಾಗಿರುವ ಒಂದು ಆವರಣವನ್ನು ಗುರುತಿಸಿರಿ. ಅಲ್ಲಿ ಗುದ್ದಲಿ ಹಿಡಿಯುವವರ ಪಟ್ಟಿಗಿಂತ ಮೊದಲು ಏಪ್ರಿಲ್ ತಿಂಗಳಲ್ಲಿ ಕೊಡ ಹಿಡಿಯುವವರ ಪಟ್ಟಿಯನ್ನು ಬರೆಯಿರಿ. ಆ ಪಟ್ಟಿ ತುಂಬಿದ ದಿನವೇ ತೋಟದ ಉದ್ಘಾಟನೆ ಆಯಿತೆಂದು ತಿಳಿಯಬಹುದು.